ಲೊರೆಂಜಿನಿಯ ಕುಪ್ಪಿಗಳು: ಒಂದು ಶೋಧದ ಇತಿಹಾಸವನ್ನು ಕುರಿತು ವಿಮರ್ಶೆ

ಇತಿಹಾಸದ ಅಧ್ಯಾಪಕರು ಮೀನಿನ ವಿಷಯವಾಗಿ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಶಾಸನ, ನಾಣ್ಯ, ಕೈಫಿಯತ್ತು, ದಫ್ತರಗಳ ನಡುವೆ ಕಾಲ ಕಳೆಯುವವರಿಗೆ ತೊರಕೆಯ ಮೂತಿಯಲ್ಲಿ ಏನು ಕೆಲಸ ಎಂದು ಕೇಳುವವರೂ ಇರಬಹುದು. ಆದರೆ ವಿಜ್ಞಾನದ ಶೋಧಗಳಿಗೂ ಇತಿಹಾಸವುಂಟು. ಆ ಇತಿಹಾಸವನ್ನು ನಮ್ಮ ಕಾಲೇಜುಗಳಲ್ಲಿ ಹೇಳುವ ಕ್ರಮ ಬಹುಮಟ್ಟಿಗೆ ರಾಜರ ವಂಶಾವಳಿಯನ್ನು ಹೇಳುವ ಕ್ರಮವೇ ಆಗಿದೆ. ಇಂಥ ವರ್ಷ ಇಂಥವನು ಇಂಥದನ್ನು ಕಂಡುಹಿಡಿದನು ಎಂಬ ಒಂದು ಸಾಲು; ಅದರ ಬೆನ್ನಿಗೇ, ಇದು ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತು ಎಂಬ ಇನ್ನೊಂದು ಸಾಲು. ಮೀನುಗಳು ವಿದ್ಯುತ್ತಿನ ಅರಿವಿನಿಂದ ಬೇಟೆಯನ್ನು ಪತ್ತೆಮಾಡುತ್ತವೆ ಎಂಬ ಸಂಗತಿಯ ಸುತ್ತ ಈ ಎರಡು ಸಾಲುಗಳೂ ಹುಟ್ಟಿಕೊಂಡಿವೆ. ಎರಡನ್ನೂ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಎರಡನೆಯ ಸಾಲನ್ನು ಹಿಂದೊಮ್ಮೆ ನಾವೇ ಬರೆದವರಾದುದರಿಂದ, ಈ ಪರೀಕ್ಷೆಯಲ್ಲಿ ನಮ್ಮ ಸ್ವಂತ ತಪ್ಪಿನ ಒಪ್ಪಿಗೆಯೂ ಸೇರಿದೆ.

ವಿಷಯ ನಮ್ಮ ಕಣ್ಣಿಗೆ ಬಿದ್ದುದು ಗ್ರಂಥಾಲಯದಲ್ಲಲ್ಲ. ಕುಮಟೆಯ ಪಶ್ಚಿಮಕ್ಕಿರುವ ವನ್ನಳ್ಳಿಯ ಕಡಲ ದಂಡೆಯಲ್ಲಿ ಒಂದು ಮುಂಜಾನೆ ದೋಣಿಯಿಂದ ಇಳಿಸಿದ ರಾಶಿಯಲ್ಲಿ ಎರಡು ತೊರಕೆಗಳಿದ್ದವು. ತೊರಕೆ ಎಂದರೆ ಮೊರದಂತೆ ಚಪ್ಪಟೆಯಾಗಿ, ಬಾರುಕೋಲಿನಂಥ ಬಾಲವುಳ್ಳ ಮೀನು ಎಂಬುದು ಕರಾವಳಿಯ ವಾಚಕರಿಗೆ ವಿದಿತವೇ ಆಗಿದೆ. ಘಟ್ಟದ ಮೇಲಿನವರಿಗಾಗಿ ಇಷ್ಟು ಹೇಳಬೇಕಾಯಿತು. ಬಲೆ ಬಿಡಿಸುತ್ತಿದ್ದ ವೃದ್ಧರೊಬ್ಬರು ಒಂದನ್ನು ಮಗುಚಿ ಹಾಕಿ ನಮ್ಮನ್ನು ಕೇಳಿದರು: “ಮಾಸ್ತ್ರೇ, ಇದ್ರ ಕಣ್ಣು ಬೆನ್ನ ಮೇಲೆ, ಬಾಯಿ ಹೊಟ್ಟೆ ಬುಡಕೆ. ಬಾಯಿಗೆ ಎಂತ ಸಿಕ್ತು ಅಂತ ಇದು ನೋಡೂದು ಹ್ಯಾಂಗೆ?” ನಮ್ಮಲ್ಲಿ ಉತ್ತರವಿರಲಿಲ್ಲ. ಅವರೇ ಸ್ವಲ್ಪ ಹೊತ್ತಿನ ಮೇಲೆ, “ಮೂಸಿ ತಿಂತದೆ” ಎಂದು ಹೇಳಿ ಮುಗಿಸಿದರು.

ಆ ಪ್ರಶ್ನೆ ಎಷ್ಟು ಸರಿಯಾದುದೆಂಬುದು ನಮಗೆ ಬಹಳ ದಿನಗಳ ಮೇಲೆ ತಿಳಿಯಿತು. ತೊರಕೆ ತಿನ್ನುವುದು ಮರಳಿನ ಅಥವಾ ಕೆಸರಿನ ಒಳಗೆ ಹುದುಗಿದ ಚಿಪ್ಪು, ಸೀಗಡಿ, ಏಡಿ, ಹುಳುಗಳನ್ನು. ಬೆನ್ನಿನ ಕಣ್ಣಿಗೆ ಅವು ಕಾಣುವುದು ಅಸಾಧ್ಯ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಯಲಾಗುವ ಕೆಸರು ನೆಲದಲ್ಲಿ ತಟ್ಟೆಯ ಆಕಾರದ ಕುಳಿಗಳು ಕಾಣುವುದುಂಟು. ತೊರಕೆ ನೆಲವನ್ನು ಅಗೆದು, ನೀರನ್ನು ಉಗುಳಿ, ಉಂಡುಹೋದ ಗುರುತು ಇಂಥ ಕುಳಿಗಳಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣದ್ದನ್ನು ಇಷ್ಟು ನೇರವಾಗಿ ಅಗೆದು ತೆಗೆಯುವ ಪ್ರಾಣಿಗೆ ಯಾವುದೋ ಒಂದು ಸೂಚನೆ ನೆಲದೊಳಗಿನಿಂದ ಬರುತ್ತಿರಬೇಕು. ಅದು ವಾಸನೆಯೇ? ಅಲುಗಾಟವೇ? ಇಲ್ಲವೆ ಇನ್ನಾವುದಾದರೂ?

ತೊರಕೆಯ ಮತ್ತು ತಾಟೆಯ (ಶಾರ್ಕಿನ) ಮೂತಿಯನ್ನು ಸಮೀಪದಿಂದ ನೋಡಿದರೆ ಸೂಜಿಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳು ನೂರಾರು ಕಾಣುತ್ತವೆ. ಒತ್ತಿದರೆ ತಿಳಿಯಾದ ಲೋಳೆ ಹೊರಬರುತ್ತದೆ. ಪ್ರತಿಯೊಂದು ರಂಧ್ರದಿಂದ ಚರ್ಮದ ಕೆಳಗೆ ಒಂದು ನಾಳ ಹರಿದು, ಕೊನೆಯಲ್ಲಿ ಪುಟ್ಟ ಕುಪ್ಪಿಯಂತೆ ಉಬ್ಬಿರುತ್ತದೆ. ನಾಳದ ತುಂಬ ಆ ಲೋಳೆಯೇ. ಕುಪ್ಪಿಯ ಗೋಡೆಯಲ್ಲಿ ಅರಿವಿನ ಕಣಗಳು. ಅವುಗಳಿಂದ ಮಿದುಳಿಗೆ ನರ. ಲೋಳೆ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದು, ನಾಳದ ಗೋಡೆ ಹರಿಯಗೊಡದು. ಆದ್ದರಿಂದ ರಂಧ್ರದ ಬಾಯಿಯಲ್ಲಿ ಸಮುದ್ರದ ನೀರು ಯಾವ ವಿದ್ಯುನ್ಮಟ್ಟದಲ್ಲಿರುವುದೋ ಅದು ಬಹುಪಾಲು ಕುಂದದೆ ಒಳಗಿನ ಕುಪ್ಪಿಯವರೆಗೆ ತಲುಪುತ್ತದೆ. ಕುಪ್ಪಿಯ ಕಣಗಳು ಆ ಮಟ್ಟವನ್ನು ದೇಹದ ಒಳಗಿನ ಮಟ್ಟದೊಡನೆ ಹೋಲಿಸಿ ನೋಡುತ್ತವೆ. ನಾಳಗಳು ಬೇರೆ ಬೇರೆ ದಿಕ್ಕಿಗೆ ಹರಡಿರುವುದರಿಂದ ವಿದ್ಯುತ್ತು ಯಾವ ಕಡೆಯಿಂದ ಬಂತೆಂಬುದೂ ತಿಳಿಯುವುದು.

ಇನ್ನು ಬೇಟೆಯ ಕಡೆಗೆ ಬಂದರೆ, ಯಾವ ಮೀನೂ, ಯಾವ ಏಡಿಯೂ ವಿದ್ಯುತ್ತಿಲ್ಲದೆ ಬದುಕಿರಲಾರದು. ದೇಹದ ದ್ರವಕ್ಕೂ ಸಮುದ್ರದ ಉಪ್ಪುನೀರಿಗೂ ಲವಣಗಳ ಪ್ರಮಾಣದಲ್ಲಿ ವ್ಯತ್ಯಾಸವಿರುವುದರಿಂದ ಕಿವಿರು, ಬಾಯಿ ಮೊದಲಾದ ತೆಳು ಪೊರೆಗಳ ಬಳಿ ಅಲ್ಪವಾದ ವಿದ್ಯುತ್ತು ನೀರಿಗೆ ಸೋರುತ್ತಲೇ ಇರುತ್ತದೆ. ಉಸಿರಾಟದ ಲಯಕ್ಕೆ ಅದು ಏರಿಳಿಯುತ್ತದೆ. ಗಾಯವಾದರಂತೂ ಹೆಚ್ಚಾಗುವುದು. ಮರಳು ಇದನ್ನು ಮರೆಮಾಡಲಾರದು. ಅಡಗಿದ ಮೀನು ಮೈಯನ್ನು ಅಲುಗಿಸದೆ ಇರಬಹುದು, ಬಣ್ಣವನ್ನು ಮರಳಿಗೆ ಹೊಂದಿಸಿಕೊಳ್ಳಬಹುದು. ಉಸಿರಾಡದೆ ಇರುವ ಉಪಾಯ ಮಾತ್ರ ಅದಕ್ಕಿಲ್ಲ.

ತಾಟೆ ಮತ್ತು ತೊರಕೆಗಳ ಈ ಅರಿವಿನ ಸೂಕ್ಷ್ಮತೆಯನ್ನು ಸೆಂಟಿಮೀಟರಿಗೆ ಒಂದು ವೋಲ್ಟಿನ ನೂರು ಕೋಟಿ ಪಾಲುಗಳಲ್ಲಿ ಸುಮಾರು ಐದು ಪಾಲು ಎಂದು ಅಳೆದಿದ್ದಾರೆ. ಗಣಿತದಿಂದ ಇದನ್ನು ಮನಗಾಣಬಹುದು: ಕೈದೀಪಕ್ಕೆ ಹಾಕುವ ಒಂದೂವರೆ ವೋಲ್ಟಿನ ಬ್ಯಾಟರಿಯ ಬಲವನ್ನು ಮೂರು ಸಾವಿರ ಕಿಲೋಮೀಟರಿನ ಉದ್ದಕ್ಕೆ ಸಮನಾಗಿ ಹಂಚಿದರೆ ಸೆಂಟಿಮೀಟರಿಗೆ ಇಷ್ಟು ಬರುತ್ತದೆ. ಕುಮಟೆಯಿಂದ ಹೊರಟ ತಂತಿ ಕಾಶ್ಮೀರವನ್ನು ದಾಟಿ ಇನ್ನೂ ಮುಂದೆ ಹೋಗಬೇಕಾದಷ್ಟು ದೂರ ಅದು.

ಇಷ್ಟು ವಸ್ತುಸ್ಥಿತಿ. ಇನ್ನು ಇದರ ಇತಿಹಾಸ.

ಫ್ಲಾರೆನ್ಸಿನ ಸ್ತೆಫಾನೊ ಲೊರೆಂಜಿನಿ 1678ರಲ್ಲಿ ಟಾರ್ಪೀಡೊ ಎಂಬ ತೊರಕೆಯನ್ನು ಕುರಿತ ತನ್ನ ಗ್ರಂಥದಲ್ಲಿ ಈ ರಂಧ್ರ, ನಾಳ, ಕುಪ್ಪಿಗಳನ್ನು ವಿವರವಾಗಿ ವರ್ಣಿಸಿದನು. ಅವು ಇಂದಿಗೂ ಅವನ ಹೆಸರಿನಲ್ಲಿವೆ. ಅವುಗಳ ಕಾರ್ಯ ವಿದ್ಯುತ್ತನ್ನು ಅರಿಯುವುದೆಂದು ಬರ್ಮಿಂಗ್‌ಹ್ಯಾಮಿನ ಮರ್ರೆ ಎಂಬ ವಿದ್ವಾಂಸನು ನರಗಳ ಸ್ಪಂದನವನ್ನು ಅಳೆದು ಪ್ರಕಟಿಸಿದುದು 1960ರಲ್ಲಿ. ನಡುವೆ 282 ವರ್ಷ. ಸಾಮಾನ್ಯವಾದ ಕಥನದಲ್ಲಿ ಈ 282 ವರ್ಷಗಳು ಖಾಲಿ. ಲೊರೆಂಜಿನಿ ಕಂಡನು, ಲೋಕ ಮರೆಯಿತು, ಮರ್ರೆ ಬಿಡಿಸಿದನು ಎಂಬಂತೆ ಓದುಗನಿಗೆ ಭಾಸವಾಗುತ್ತದೆ. ನಮ್ಮ ಮೊದಲ ಆಕ್ಷೇಪ ಈ ಖಾಲಿತನದ ಮೇಲೆ.

ಆ ಅವಧಿಯಲ್ಲಿ ಕುಪ್ಪಿಗಳನ್ನು ಯಾರೂ ಮರೆತಿರಲಿಲ್ಲ. ಅವು ಲೋಳೆಯನ್ನು ಸ್ರವಿಸುವ ಗ್ರಂಥಿಗಳೆಂದು ಕೆಲವರು, ಒತ್ತಡವನ್ನು ಅರಿಯುವ ಅಂಗಗಳೆಂದು ಕೆಲವರು ವಾದಿಸಿದರು. 1938ರಲ್ಲಿ ಸ್ಯಾಂಡ್ ಎಂಬವನು ಅವು ಉಷ್ಣತೆಯ ಅತ್ಯಲ್ಪ ವ್ಯತ್ಯಾಸಕ್ಕೂ ಸ್ಪಂದಿಸುವುದನ್ನು ತೋರಿಸಿದನು. ಇದನ್ನು ಈಗ “ತಪ್ಪು ಅಭಿಪ್ರಾಯ” ಎಂದು ಒಂದು ಮಾತಿನಲ್ಲಿ ತಳ್ಳಿಹಾಕುವುದುಂಟು. ಆದರೆ ಸ್ಯಾಂಡನು ಅಳೆದುದು ಸುಳ್ಳಲ್ಲ. ಕುಪ್ಪಿಗಳ ನರಗಳು ಉಷ್ಣತೆಗೆ ನಿಜವಾಗಿಯೂ ಸ್ಪಂದಿಸುತ್ತವೆ. ಒತ್ತಿದರೂ ಸ್ಪಂದಿಸುತ್ತವೆ. ಒಂದು ಅಂಗ ಯಾವ ಯಾವುದಕ್ಕೆ ಸ್ಪಂದಿಸಬಲ್ಲುದು ಎಂಬುದು ಒಂದು ಪ್ರಶ್ನೆ. ಅದರಿಂದ ಪ್ರಾಣಿ ತನ್ನ ಬಾಳಿನಲ್ಲಿ ಯಾವ ಪ್ರಯೋಜನ ಪಡೆಯುತ್ತದೆ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಪ್ರಯೋಗಶಾಲೆಯ ಮೇಜು ಸಾಕು. ಎರಡನೆಯದಕ್ಕೆ ಹಸಿದ ಮೀನು ಬೇಕು. ಶೋಧದ ವರ್ಷವನ್ನು ನಿರ್ಣಯಿಸುವವರು ಈ ಭೇದವನ್ನು ಗಮನಿಸದಿರುವುದರಿಂದಲೇ ಸ್ಯಾಂಡನಿಗೆ ಅನ್ಯಾಯವೂ, ಮರ್ರೆಗೆ ತುಸು ಅಧಿಕ ಕೀರ್ತಿಯೂ ಸಂದಿದೆಯೆಂದು ನಮಗೆ ತೋರುತ್ತದೆ.

ಇನ್ನೊಂದು ಗೊಂದಲವುಂಟು. ವಿದ್ಯುತ್ತನ್ನು ಹೊರಡಿಸುವ ಮೀನು ಬೇರೆ, ವಿದ್ಯುತ್ತನ್ನು ಅರಿಯುವ ಮೀನು ಬೇರೆ. ಕೆಲವಕ್ಕೆ ಎರಡು ಶಕ್ತಿಯೂ ಉಂಟೆಂಬುದು ನಿಜ. ಮುಟ್ಟಿದರೆ ಕೈಗೆ ಜೋಮು ಹಿಡಿಸುವ ತೊರಕೆಯ ವಿಷಯ ಅತಿ ಪ್ರಾಚೀನ. ಅದು ಮರಳಿನಲ್ಲಿ ಅಡಗಿ ಸಣ್ಣ ಮೀನುಗಳನ್ನು ಮರಗಟ್ಟಿಸಿ ಹಿಡಿಯುವುದೆಂದು ಅರಿಸ್ಟಾಟಲನು ಬರೆದಿದ್ದಾನೆ. ತಲೆನೋವಿಗೆ ಅದನ್ನು ಹಣೆಗೆ ಮುಟ್ಟಿಸಬೇಕೆಂದು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸನು ಹೇಳಿದ್ದಾನೆ. ಆ ಜೋಮು ವಿದ್ಯುತ್ತೇ ಎಂಬುದನ್ನು ಜಾನ್ ವಾಲ್ಷನು 1772ರಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಪರೀಕ್ಷಿಸಿ ಮರುವರ್ಷ ಪ್ರಕಟಿಸಿದನು. ಕ್ಯಾವೆಂಡಿಷನು 1776ರಲ್ಲಿ ಮರ ಮತ್ತು ತೊಗಲಿನಿಂದ ಕೃತಕ ಟಾರ್ಪೀಡೊ ಒಂದನ್ನೇ ಮಾಡಿ ತೋರಿಸಿದನು. ವೋಲ್ಟನು 1800ರಲ್ಲಿ ತನ್ನ ಬ್ಯಾಟರಿಯನ್ನು ವರ್ಣಿಸುವಾಗ ಅದನ್ನು ಈ ಮೀನಿನ ಅಂಗಕ್ಕೇ ಹೋಲಿಸಿದನು. ಇದೆಲ್ಲ ವಿದ್ಯುತ್ತಿನ ಇತಿಹಾಸದಲ್ಲಿ ಉಜ್ವಲವಾದ ಅಧ್ಯಾಯ. ಆದರೆ ಇದು ಅರಿವಿನ ಇತಿಹಾಸವಲ್ಲ. ಬೇಟೆಯನ್ನು ವಿದ್ಯುತ್ತಿನಿಂದ ಹೊಡೆಯುವುದಕ್ಕೂ ವಿದ್ಯುತ್ತಿನಿಂದ ಹುಡುಕುವುದಕ್ಕೂ ಬಡಿಗೆಗೂ ಕಣ್ಣಿಗೂ ಇರುವಷ್ಟು ಅಂತರವಿದೆ. ನಮ್ಮಲ್ಲಿ ಬಂದಿರುವ ಹಲವು ಬರಹಗಳು ಇವೆರಡನ್ನೂ “ವಿದ್ಯುತ್ ಮೀನು” ಎಂಬ ಒಂದೇ ಚೀಲಕ್ಕೆ ಹಾಕಿಬಿಟ್ಟಿವೆ.

ವಿಚಿತ್ರವೆಂದರೆ, ಲೊರೆಂಜಿನಿ ತನ್ನ ಕುಪ್ಪಿಗಳನ್ನು ಕಂಡುದು ಈ ಜೋಮಿನ ತೊರಕೆಯಲ್ಲಿಯೇ. ಹೊಡೆಯುವ ಅಂಗವೂ ಅರಿಯುವ ಅಂಗವೂ ಒಂದೇ ಮೀನಿನಲ್ಲಿ ಅವನ ಕತ್ತಿಯ ಕೆಳಗೆ ಇದ್ದವು. ಆದರೆ ವಿದ್ಯುತ್ತು ಎಂಬ ಕಲ್ಪನೆಯೇ ಆಗಿನ್ನೂ ಶೈಶವದಲ್ಲಿದ್ದುದರಿಂದ ಅವನು ಆ ಪ್ರಶ್ನೆಯನ್ನು ಕೇಳುವಂತಿರಲಿಲ್ಲ. ಮುಂದೆ ವಾಲ್ಷನ ಕಾಲಕ್ಕೆ ಕಲ್ಪನೆ ಬಂದಿತು, ಆದರೆ ಸೆಂಟಿಮೀಟರಿಗೆ ಇಷ್ಟು ಅಲ್ಪವಾದ ವಿದ್ಯುತ್ತನ್ನು ಅಳೆಯುವ ಸಲಕರಣೆ ಇರಲಿಲ್ಲ. ಅದಕ್ಕೆ ಇಪ್ಪತ್ತನೆಯ ಶತಮಾನದ ವರ್ಧಕ ಯಂತ್ರಗಳೇ ಬರಬೇಕಾಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ, ಮನುಷ್ಯನಿಗೆ ಇಲ್ಲದ ಇಂದ್ರಿಯವೊಂದು ಇದ್ದೀತೆಂದು ಊಹಿಸುವುದು ಮನುಷ್ಯನಿಗೆ ಸುಲಭವಲ್ಲ. ವಾಸನೆ, ಸ್ಪರ್ಶ, ಶಾಖಗಳ ಪೈಕಿ ಯಾವುದೋ ಒಂದು ಎಂದು ವಿದ್ವಾಂಸರು ಮೂರು ಶತಮಾನ ಹುಡುಕಿದ್ದು ಈ ಕಾರಣದಿಂದಲೇ. ವನ್ನಳ್ಳಿಯ ವೃದ್ಧರ “ಮೂಸಿ ತಿಂತದೆ” ಎಂಬ ಉತ್ತರವೂ ಅದೇ ಜಾತಿಯದು.

ದಾರಿಯ ನಡುವೆ ಸುಳಿವುಗಳು ಇರಲಿಲ್ಲವೆಂದಲ್ಲ. 1917ರಲ್ಲಿ ಪಾರ್ಕರ್ ಮತ್ತು ವಾನ್ ಹ್ಯೂಸೆನ್ ಎಂಬವರು ಅಮೆರಿಕದ ಒಂದು ಮೀಸೆಯ ಮೀನಿನ ಕಣ್ಣು ಕಟ್ಟಿ, ಅದರ ಬಳಿಗೆ ಗಾಜಿನ ಕಡ್ಡಿಯನ್ನೂ ಲೋಹದ ಕಡ್ಡಿಯನ್ನೂ ಒಯ್ದು ನೋಡಿದರು. ಗಾಜು ಮೈಗೆ ತಾಗುವವರೆಗೆ ಮೀನಿಗೆ ಅದರ ಅರಿವಿಲ್ಲ. ಲೋಹವಾದರೋ ಕೆಲವು ಸೆಂಟಿಮೀಟರು ದೂರವಿರುವಾಗಲೇ ಅದು ಸ್ಪಂದಿಸಿತು. ನೀರಿನಲ್ಲಿ ಅದ್ದಿದ ಲೋಹದಿಂದ ಹುಟ್ಟುವ ಸಣ್ಣ ವಿದ್ಯುತ್ತೇ ಇದಕ್ಕೆ ಕಾರಣವೆಂದು ಅವರು ಸರಿಯಾಗಿಯೇ ತರ್ಕಿಸಿದರು. ಯೂಟ್ರೆಕ್ಟಿನ ಡೈಕ್‌ಗ್ರಾಫನು 1930ರ ದಶಕದಲ್ಲಿ ಕಣ್ಣು ಕಟ್ಟಿದ ಸಣ್ಣ ತಾಟೆಯೊಂದು ತುಕ್ಕು ಹಿಡಿದ ಕಬ್ಬಿಣದ ತಂತಿಗೆ ಬೆದರುವುದನ್ನು ಕಂಡಿದ್ದನು. ಕೇಂಬ್ರಿಜಿನ ಲಿಸ್‌ಮನ್ನನು 1951ರಲ್ಲಿ ಆಫ್ರಿಕದ ಜಿಮ್ನಾರ್ಕಸ್ ಎಂಬ ಮೀನು ಎಡೆಬಿಡದೆ ಮೃದುವಾದ ವಿದ್ಯುತ್ತನ್ನು ಹೊರಡಿಸುತ್ತಿರುವುದನ್ನು ವರದಿಮಾಡಿ, 1958ರ ಹೊತ್ತಿಗೆ ಅದು ತನ್ನ ಸುತ್ತಲಿನ ವಸ್ತುಗಳನ್ನು ಆ ವಿದ್ಯುತ್ತಿನ ಏರುಪೇರಿನಿಂದಲೇ ಗುರುತಿಸುವುದೆಂದು ಸ್ಥಾಪಿಸಿದನು. ಮರ್ರೆಯ 1960ರ ಅಳತೆ ಬಂದುದು ಇವುಗಳ ಮೇಲೆ. ಅಷ್ಟಕ್ಕೂ ಅವನು ತೋರಿಸಿದುದು ಕುಪ್ಪಿ ವಿದ್ಯುತ್ತಿಗೆ ಸ್ಪಂದಿಸುತ್ತದೆ ಎಂಬುದನ್ನು ಮಾತ್ರ. ಸ್ಯಾಂಡನೂ ಅದೇ ರೀತಿ ಉಷ್ಣತೆಗೆ ಸ್ಪಂದಿಸುತ್ತದೆ ಎಂದು ತೋರಿಸಿದ್ದನಲ್ಲವೇ? 1962ರಲ್ಲಿ ಡೈಕ್‌ಗ್ರಾಫ್ ಮತ್ತು ಅವನ ಶಿಷ್ಯ ಕಾಲ್ಮೈನ್ ಕುಪ್ಪಿಗಳಿಗೆ ಹೋಗುವ ನರಗಳನ್ನು ಕತ್ತರಿಸಿ, ಮೀನು ಆಗ ಲೋಹಕ್ಕೆ ಬೆದರುವುದಿಲ್ಲವೆಂದು ಕಂಡಾಗ ಅಂಗಕ್ಕೂ ನಡತೆಗೂ ಗಂಟು ಬಿದ್ದಿತು. ಬೇಟೆಯ ಪ್ರಶ್ನೆ ಇನ್ನೂ ಉಳಿದಿತ್ತು.

ಅದನ್ನು ಬಗೆಹರಿಸಿದ ಕಾಲ್ಮೈನನ ಪ್ರಯೋಗ 1971ರಲ್ಲಿ ಪ್ರಕಟವಾಯಿತು. ಆಧಾರ ಪರೀಕ್ಷೆ ಎಂದರೇನೆಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆತಿಲ್ಲವಾದುದರಿಂದ ಅದನ್ನು ತುಸು ವಿಸ್ತಾರವಾಗಿ ಹೇಳುವೆವು. ನಮ್ಮ ಕರಾವಳಿಯ ನಂಗಿನಂಥ ಒಂದು ಚಪ್ಪಟೆ ಮೀನನ್ನು ಅವನು ತೊಟ್ಟಿಯ ಮರಳಿನಲ್ಲಿ ಹುದುಗಿಸಿದನು. ಹಸಿದ ತಾಟೆಯೂ ತೊರಕೆಯೂ ಅದನ್ನು ನೇರವಾಗಿ ಅಗೆದು ಹಿಡಿದವು. ಇದರಿಂದ ಕಣ್ಣಿನ ಪಾತ್ರವಿಲ್ಲವೆಂದಾಯಿತು, ಅಷ್ಟೆ. ಮುಂದೆ ಆ ಮೀನನ್ನು ಕಡಲಪಾಚಿಯ ಅಗರಿನಿಂದ ಮಾಡಿದ ಗೂಡಿನಲ್ಲಿ ಇಟ್ಟು ಮರಳಿನಲ್ಲಿ ಹೂತನು. ಅಗರಿನ ಮೂಲಕ ವಿದ್ಯುತ್ತು ಹಾಯುತ್ತದೆ, ವಾಸನೆ ಹಾಯದು. ಗೂಡಿಗೆ ಬಿಟ್ಟ ನೀರು ಕೊಳವೆಯ ಮೂಲಕ ಬೇರೊಂದು ಕಡೆ ಹೊರಬೀಳುವಂತೆ ಏರ್ಪಡಿಸಿದನು. ಅಂದರೆ ಮೀನು ಇರುವ ಸ್ಥಳ ಒಂದು, ಅದರ ವಾಸನೆ ಹೊರಡುವ ಸ್ಥಳ ಇನ್ನೊಂದು. ತಾಟೆ ವಾಸನೆಯ ಕಡೆಗೆ ಹೋಗದೆ ಮೀನಿರುವಲ್ಲಿಗೇ ಬಂದು ಅಗೆಯಿತು. ಆಮೇಲೆ ಅದೇ ಗೂಡಿನಲ್ಲಿ ಜೀವಂತ ಮೀನಿಗೆ ಬದಲಾಗಿ ಸತ್ತ ಮೀನಿನ ತುಂಡುಗಳನ್ನು ಇಟ್ಟನು. ಈಗ ತಾಟೆ ಗೂಡಿನ ಮೇಲೆ ಹಾದುಹೋಗಿ, ವಾಸನೆಯ ನೀರು ಹೊರಬೀಳುವ ಕಡೆ ಹುಡುಕಿತು. ಇನ್ನೊಮ್ಮೆ ಜೀವಂತ ಮೀನನ್ನೇ ಇಟ್ಟು, ಗೂಡಿನ ಮೇಲೆ ವಿದ್ಯುತ್ತನ್ನು ತಡೆಯುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದನು. ತಾಟೆಗೆ ಮೀನು ಸಿಕ್ಕಲಿಲ್ಲ. ಕೊನೆಗೆ ಮೀನನ್ನೇ ತೆಗೆದುಬಿಟ್ಟು, ಅದು ಹೊರಡಿಸುವಷ್ಟೇ ವಿದ್ಯುತ್ತನ್ನು ಎರಡು ವಿದ್ಯುದ್ವಾರಗಳಿಂದ ಮರಳಿನಲ್ಲಿ ಹರಿಸಿದನು. ತಾಟೆ ಬಂದು ಆ ವಿದ್ಯುದ್ವಾರಗಳನ್ನು ಅಗೆಯಿತು.

ಒಂದೊಂದೇ ಸಾಕ್ಷಿಯನ್ನು ಹೊರಗಿಟ್ಟು, ಉಳಿದ ಸಾಕ್ಷಿ ನಿಲ್ಲುತ್ತದೆಯೇ ಎಂದು ನೋಡುವ ಈ ಕ್ರಮ ನಮ್ಮ ಶಾಸನ ಸಂಪಾದಕರಿಗೂ ಅಪರಿಚಿತವಲ್ಲ. ಮರ್ರೆಯ ವರ್ಷಕ್ಕಿಂತ ಈ ವರ್ಷಕ್ಕೆ ನಾವು ಹೆಚ್ಚು ಬೆಲೆ ಕೊಡುವುದು ಇದರಿಂದಲೇ.

ಇದೇ ಪ್ರಯೋಗ ಜನಪ್ರಿಯ ಬರಹಗಳ ಒಂದು ದೊಡ್ಡ ಉತ್ಪ್ರೇಕ್ಷೆಯನ್ನೂ ಖಂಡಿಸುತ್ತದೆ. ತಾಟೆ ಮೈಲಿಗಟ್ಟಲೆ ದೂರದಿಂದ ಬೇಟೆಯ ಎದೆಬಡಿತವನ್ನು ವಿದ್ಯುತ್ತಿನಿಂದ ಅರಿಯುತ್ತದೆ ಎಂದು ಓದಿದ ನೆನಪು ಅನೇಕರಿಗಿರಬಹುದು. ಬೇಟೆಯ ವಿದ್ಯುತ್ತು ದೂರ ಹೋದಂತೆ ಅತಿ ಶೀಘ್ರವಾಗಿ ಕುಂದುವುದರಿಂದ, ಅರಿವು ಎಷ್ಟೇ ಸೂಕ್ಷ್ಮವಾದರೂ ಅದು ಕೆಲಸಕ್ಕೆ ಬರುವುದು ಒಂದು ಗೇಣು, ಹೆಚ್ಚೆಂದರೆ ಒಂದು ಮೊಳದೊಳಗೆ. ದೂರದಿಂದ ಕರೆತರುವುದು ವಾಸನೆ. ಹತ್ತಿರ ಬಂದ ಮೇಲೆ ಬಾಯಿಯನ್ನು ಗುರಿಗೆ ಹಚ್ಚುವುದು ವಿದ್ಯುತ್ತು. ಹೀಗೆ ನೋಡಿದರೆ ನಮ್ಮ ವೃದ್ಧರ “ಮೂಸಿ ತಿಂತದೆ” ಎಂಬ ಮಾತಿನಲ್ಲಿ ಅರ್ಧ ಸತ್ಯವಿದ್ದೇ ಇದೆ: ಮೂಸಿ ಬರುತ್ತದೆ, ಮೂಸಿ ಕಚ್ಚುವುದಿಲ್ಲ. “ಆರನೆಯ ಇಂದ್ರಿಯ” ಎಂಬ ಮಾತೂ ನಮಗೆ ಹಿಡಿಸದು. ನೀರಿನ ಅಲುಗಾಟವನ್ನು ಅರಿಯುವ ಪಾರ್ಶ್ವರೇಖೆಯೆಂಬ ಅಂಗವೊಂದು ಮೀನಿಗೆ ಬೇರೆ ಇರುವಾಗ, ಮನುಷ್ಯನ ಐದನ್ನು ಎಣಿಸಿ ಮೀನಿನದನ್ನು ಆರನೆಯದೆನ್ನುವುದು ಯಾವ ಲೆಕ್ಕ?

ಇನ್ನು ಎರಡನೆಯ ಸಾಲಿಗೆ, ಎಂದರೆ ನಮ್ಮ ತಪ್ಪಿಗೆ ಬರುತ್ತೇವೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1131ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಅರಸನು ಗಾಳ ಹಾಕಿ ಮೀನು ಹಿಡಿಯುವ ವಿನೋದವನ್ನು ಅದು ವರ್ಣಿಸುತ್ತದೆ. ಸುಮಾರು 35 ಬಗೆಯ ಮೀನುಗಳ ಹೆಸರು. ಸಮುದ್ರದವು, ನದಿಯವು, ಹುರುಪೆಯುಳ್ಳವು, ಬರಿಯ ತೊಗಲಿನವು, ದೊಡ್ಡವು, ಸಣ್ಣವು ಎಂಬ ವಿಂಗಡಣೆ. ಯಾವ ಮೀನಿಗೆ ಯಾವ ತಿನಿಸನ್ನು ಹಾಕಿ ಮೊದಲೇ ಒಂದು ಕಡೆಗೆ ಒಲಿಸಬೇಕೆಂಬ ವಿಧಾನ. ಗಾಳ, ದಾರ, ಕೋಲುಗಳ ಲಕ್ಷಣ ಇವೆಲ್ಲ ಅಲ್ಲಿವೆ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿ ವಿದ್ವಾಂಸರ ಗಮನ ಸೆಳೆದರು. ಹನ್ನೆರಡನೆಯ ಶತಮಾನದ ಕನ್ನಡನಾಡಿನ ಅರಸನೊಬ್ಬನು ಮೀನಿನ ಆಹಾರವನ್ನು ಇಷ್ಟು ಶ್ರದ್ಧೆಯಿಂದ ಗಮನಿಸಿದ್ದನೆಂಬುದು ಹೆಮ್ಮೆಯ ಸಂಗತಿಯೇ ಸರಿ.

ಕೆಲವು ವರ್ಷಗಳ ಹಿಂದೆ ಒಂದು ಉಪನ್ಯಾಸದಲ್ಲಿ ನಾವು ಈ ಹೆಮ್ಮೆಗೆ ಒಂದು ಹೆಜ್ಜೆ ಹೆಚ್ಚಾಗಿಯೇ ಸೇರಿಸಿದೆವು. ಹುದುಗಿರುವ ಬೇಟೆಯನ್ನು ಮೀನು ಅರಿಯುವ ಗುಟ್ಟು ಮತ್ಸ್ಯವಿನೋದದಲ್ಲಿ “ಸೂಚಿತವಾಗಿದೆ” ಎಂದುಬಿಟ್ಟೆವು. ಉಪನ್ಯಾಸ ಅಚ್ಚಾಯಿತು. ಮುಂದಿನ ವರ್ಷ ಪರೀಕ್ಷೆಯ ಉತ್ತರಪತ್ರಿಕೆಯೊಂದರಲ್ಲಿ ವಿದ್ಯಾರ್ಥಿಯೊಬ್ಬನು, ಮೀನಿನ ವಿದ್ಯುದಿಂದ್ರಿಯವನ್ನು ಮೊದಲು ಕಂಡುಹಿಡಿದವನು ಚಾಲುಕ್ಯ ಸೋಮೇಶ್ವರನೆಂದು ಬರೆದಿದ್ದನು. “ಸೂಚಿತ” ಎಂಬ ನಮ್ಮ ಎಚ್ಚರಿಕೆಯ ಮಾತು ಒಂದು ವರ್ಷದಲ್ಲಿ “ಕಂಡುಹಿಡಿದ” ಎಂದು ಬೆಳೆದಿತ್ತು. ಆ ಉತ್ತರಕ್ಕೆ ನಾವು ಅಂಕ ಕೊಟ್ಟೆವು. ಕೊಡದೆ ಇರಲು ನಮಗೆ ಮುಖವೆಲ್ಲಿತ್ತು? ಆ ರಾತ್ರಿ ಪ್ರಕರಣವನ್ನು ಮತ್ತೆ ಮೊದಲಿನಿಂದ ಓದಿದೆವು. ಅಲ್ಲಿ ಇರುವುದೆಲ್ಲ ತಿನಿಸಿನ ವಿಚಾರ. ವಿದ್ಯುತ್ತನ್ನಾಗಲಿ, ಕಣ್ಣು ಮೂಗುಗಳನ್ನು ಮೀರಿದ ಇನ್ನೊಂದು ಅರಿವನ್ನಾಗಲಿ ಸೂಚಿಸುವ ಒಂದು ಪದವೂ ಇಲ್ಲ. ನಾವು ಅಲ್ಲಿ ಕಂಡುದು 1971ರ ಪ್ರಬಂಧವನ್ನು ಓದಿದ ಮೇಲೆ ನಮ್ಮ ಕಣ್ಣಿಗೆ ಅಂಟಿದ್ದನ್ನು. ಈ ಸಂಚಿಕೆಯ ಮೂಲಕ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ.

ಇದರಿಂದ ಸೋಮೇಶ್ವರನಿಗೆ ಏನೂ ನಷ್ಟವಿಲ್ಲ. ಇಲ್ಲದ ಕೀರ್ತಿಯನ್ನು ಹೊರಿಸಿದಾಗ ಇರುವ ಕೀರ್ತಿ ಮರೆಯಾಗುತ್ತದೆ. ಒಲಿಸುವ ತಿನಿಸಿನ ಆ ವಿಧಾನಗಳನ್ನು ನಮ್ಮ ಹೊಳೆಗಳ ಗಾಳಗಾರರ ಇಂದಿನ ರೂಢಿಯೊಡನೆ ಹೋಲಿಸಿ ನೋಡುವ ಕೆಲಸ ಒಬ್ಬ ಸಂಶೋಧಕನಿಗೆ ಹಲವು ವರ್ಷ ಸಾಲುವಷ್ಟಿದೆ. ಅದನ್ನು ಬಿಟ್ಟು ನಾವು ವಿದ್ಯುತ್ತಿನ ಹಿಂದೆ ಓಡಿದೆವು.

ಇದೇ ಎಚ್ಚರಿಕೆ ಮೀನುಗಾರರ ವಿಷಯದಲ್ಲಿಯೂ ಬೇಕು. ಮಾನಸೋಲ್ಲಾಸವನ್ನು ಕೈಬಿಟ್ಟವರು ಈಗೀಗ ಅಂಬಿಗ, ಹರಿಕಾಂತ, ಖಾರ್ವಿಗಳ ಕಡೆ ತಿರುಗಿ, ಅವರಿಗೆ ಇದೆಲ್ಲ ಪರಂಪರೆಯಿಂದ ತಿಳಿದಿತ್ತು ಎನ್ನುವುದುಂಟು. ವನ್ನಳ್ಳಿಯ ವೃದ್ಧರಿಗೆ ವಿದ್ಯುದಿಂದ್ರಿಯ ತಿಳಿದಿರಲಿಲ್ಲ. ಅವರಿಗೆ ತಿಳಿದಿದ್ದುದು ಬೇರೆ: ಕಣ್ಣಿಗೂ ಬಾಯಿಗೂ ನಡುವೆ ಒಂದು ಒಗಟಿದೆ ಎಂಬುದು. ಫ್ರಾನ್ಸಿಸ್ ಡೇ 1865ರ ಮಲಬಾರಿನ ಮೀನುಗಳ ಗ್ರಂಥದಲ್ಲಿಯೂ 1875ರಿಂದ 1878ರವರೆಗೆ ಹೊರಬಂದ ಭಾರತದ ಮೀನುಗಳ ಗ್ರಂಥದಲ್ಲಿಯೂ ಪಶ್ಚಿಮ ಕರಾವಳಿಯ ತಾಟೆ ತೊರಕೆಗಳನ್ನು ಹಲ್ಲು, ರೆಕ್ಕೆ, ಬಣ್ಣಗಳ ಸಮೇತ ಮಾನ್ಯವಾಗಿ ವರ್ಣಿಸಿದ್ದಾನೆ. ಅವನ ಶ್ರಮದ ಮುಂದೆ ತಲೆಬಾಗಲೇಬೇಕು. ಆದರೆ ಅವನ ಪುಟಗಳಲ್ಲಿರುವುದು ಬಹುಪಾಲು ಮೇಜಿನ ಮೇಲಿನ ಮೀನು. ಆ ಮೀನನ್ನು ತಂದುಕೊಟ್ಟವರು ಅದರ ನಡತೆಯ ವಿಷಯವಾಗಿ ಏನನ್ನು ಕೇಳುತ್ತಿದ್ದರು ಎಂಬುದಕ್ಕೆ ಅಂಥ ಗ್ರಂಥಗಳ ರಚನೆಯಲ್ಲಿ ಸ್ಥಳವೇ ಇರಲಿಲ್ಲ. ಉತ್ತರಗಳನ್ನು ಮಾತ್ರ ದಾಖಲೆಯೆಂದು ಎಣಿಸಿ, ಪ್ರಶ್ನೆಗಳನ್ನು ಬಿಟ್ಟುಬಿಡುವುದು ನಮ್ಮ ಶಾಸ್ತ್ರದ ಹಳೆಯ ರೋಗ.

ಕೇಳಿ ಬರೆದುಕೊಳ್ಳಲು ಕಾಲವೂ ಹೆಚ್ಚಿಲ್ಲ. ನೂರಾರು ಜನ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ, ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ರಂಪಣಿಯ ಕಾಲದಲ್ಲಿ ಬಲೆಗೆ ಬಿದ್ದದ್ದೆಲ್ಲ ಇಡೀ ಊರಿನ ಕಣ್ಣೆದುರಿಗೆ ಮರಳಿಗೆ ಬರುತ್ತಿತ್ತು. ಈಗ ತದಡಿಯಂಥ ಬಂದರುಗಳಲ್ಲಿ ಬುಟ್ಟಿಗಳಿಗೆ ಇಳಿಯುತ್ತದೆ. ಗರಗಸ ಮೀನಿನ ಕಥೆ ಇನ್ನೂ ಖೇದಕರ. ಅದರ ಗರಗಸದ ತುಂಬ ಈ ವಿದ್ಯುತ್ತಿನ ರಂಧ್ರಗಳಿವೆಯೆಂಬುದೂ, ಅದು ಗರಗಸದಿಂದಲೇ ಬೇಟೆಯನ್ನು ಪತ್ತೆಮಾಡಿ ಗರಗಸದಿಂದಲೇ ಬಡಿಯುವುದೆಂಬುದೂ ಪ್ರಯೋಗಗಳಿಂದ ಸ್ಪಷ್ಟವಾದುದು 2012ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲೇ, 2001ರಲ್ಲಿ, ನಮ್ಮ ದೇಶದಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಬೇಕಾಗಿ ಬಂದಿತ್ತು. ನಮ್ಮ ವಿದ್ಯಾರ್ಥಿಗಳಲ್ಲಿ ಅದನ್ನು ಜೀವಂತವಾಗಿ ಕಂಡವರು ಒಬ್ಬರೂ ಇಲ್ಲ. ಅವರ ಅಜ್ಜಂದಿರಲ್ಲಿ ಇದ್ದಾರೆ.

ಈ ಲೇಖನದ ಕರಡನ್ನು ಮುಗಿಸುವ ಮುನ್ನ ನಾವು ಮತ್ತೊಮ್ಮೆ ವನ್ನಳ್ಳಿಗೆ ಹೋಗಿ, ಅಗರಿನ ಗೂಡಿನ ಪ್ರಯೋಗವನ್ನು ಆ ವೃದ್ಧರಿಗೆ ಸಾಧ್ಯವಾದಷ್ಟು ಸರಳವಾಗಿ ಹೇಳಿದೆವು. ಅವರು ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಬಲೆಯ ಗಂಟನ್ನು ಬಿಗಿಯುತ್ತ, “ಹಾಂಗಾರೆ ಮಾಸ್ತ್ರೇ, ನಮ್ಮ ಗಾಳದ ಕಬ್ಬಿಣ ಅದಕ್ಕೆ ಮೊದ್ಲೇ ಗೊತ್ತಾಗೂದಿಲ್ವ?” ಎಂದು ಕೇಳಿದರು. ಡೈಕ್‌ಗ್ರಾಫನ ತುಕ್ಕಿನ ತಂತಿಯ ವಿಷಯವನ್ನು ನಾವು ಅವರಿಗೆ ಹೇಳಿಯೇ ಇರಲಿಲ್ಲ. ಗಾಳಕ್ಕೆ ಕೆಲವು ವಿಶೇಷ ಲೋಹಗಳನ್ನು ಕಟ್ಟಿ ತಾಟೆಗಳನ್ನು ದೂರವಿಡಬಹುದೇ ಎಂದು ಈ ಶತಮಾನದಲ್ಲಿ ವಿದೇಶಗಳಲ್ಲಿ ಪರೀಕ್ಷೆಗಳು ನಡೆದಿವೆ. ಕೆಲವು ಜಾತಿಗಳು ಹಿಮ್ಮೆಟ್ಟಿದವು, ಕೆಲವು ಲಕ್ಷ್ಯವಿಡಲಿಲ್ಲ. ಅಷ್ಟನ್ನು ಅವರಿಗೆ ತಿಳಿಸಿ, ಅವರ ಪ್ರಶ್ನೆಯನ್ನು ದಿನಾಂಕ ಸಹಿತ ಬರೆದುಕೊಂಡು ಬಂದೆವು.